ಸಂದಿಗೆ ತುಂಬಿದ ಹತ್ತಿ

ಆಕೆಯನ್ನು ಬೀದಿಯವರೆಲ್ಲ ಹಾಸಿಗೆ ಅಕ್ಕ ಎನ್ನುತ್ತಿದ್ದರು. ಆಕೆಗಿಂತ ಹಿರಿಯರು ಕೂಡ ಹಾಗೆಯೇ ಕರೆಯುತ್ತಿದ್ದರು. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕಾಲು ಚಾಚಿ ಕೂತು, ಉದ್ದನೆಯ ಸೂಜಿಯನ್ನು ಹಾಸಿಗೆಯ ಒಂದು ಮೈಯಿಂದ ಇನ್ನೊಂದು ಮೈಗೆ ದಾಟಿಸುತ್ತಿರುವಾಗ ಹೊರಗಿನಿಂದ ನೋಡಿದವರಿಗೆ ಕಾಣುತ್ತಿದ್ದದ್ದು ಎರಡು ಕಣ್ಣು ಮತ್ತು ಹತ್ತಿಯ ಎಳೆ ಕೂತು ನರೆತಂತಾದ ಹುಬ್ಬು. ಸಂಜೆ ಮುಖ ತೊಳೆದರೆ ಬೇರೆಯೇ ಹೆಂಗಸು. "ಊರಿನ ಹೆಂಗಸರು ಪೌಡರ್ ಹಚ್ಚಿ ಚಿಕ್ಕವರಾಗ್ತಾರೆ. ನಮ್ಮವಳು ಒರೆಸಿಕೊಂಡು ಚಿಕ್ಕವಳಾಗ್ತಾಳೆ," ಎಂದು ಗಂಡ ನಗುತ್ತಿದ್ದ.

ಕೆಳಗೆ ಅಂಗಡಿ, ಮೇಲೆ ಮನೆ. ಅಂಗಡಿಯ ಹಿಂಭಾಗದ ಕೋಣೆಯಲ್ಲಿ ಹತ್ತಿ ಹಿಂಜುವ ಯಂತ್ರ. ಅದು ಗಂಡನ ಪಾಲು. ಹಳೆಯ ಹಾಸಿಗೆಗಳ ಗಟ್ಟಿಯಾದ ಹತ್ತಿಯನ್ನು ಅವನು ಅದರ ಬಾಯಿಗೆ ಕೊಡುತ್ತಿದ್ದ, ಅದು ಇನ್ನೊಂದು ಕಡೆಯಿಂದ ನೊರೆಯಂತೆ ಉಕ್ಕಿ ಬರುತ್ತಿತ್ತು. ಹೊಲಿದು ಮುಗಿದ ಹಾಸಿಗೆಗಳನ್ನು ಹಳೆಯ ವ್ಯಾನಿನಲ್ಲಿ ಹಾಕಿಕೊಂಡು ಮನೆಮನೆಗೆ ಮುಟ್ಟಿಸುವುದೂ ಅವನದೇ ಕೆಲಸ. ಗಿರಾಕಿಗಳ ಜೊತೆ ಮಾತು ಮಾತ್ರ ಆಕೆಯದು.

"ಅಕ್ಕಾ, ಹೋದ ತಿಂಗಳು ಕೊಟ್ಟ ಹಾಸಿಗೆ ಕಲ್ಲಿನ ಹಾಗಿದೆಯಲ್ಲ?"

"ಹೊಸ ಸಂಬಂಧ ಅಲ್ವೇನಪ್ಪ, ಸ್ವಲ್ಪ ಬಿಗುಮಾನ ಇರುತ್ತೆ. ಮಲಗ್ತಾ ಮಲಗ್ತಾ ಸರಿಹೋಗುತ್ತೆ. ಅದು ಸರಿಹೋಗದಿದ್ರೆ ನೀವು ಸರಿಹೋಗ್ತೀರಿ."

ಹಾಸಿಗೆಯ ಕೊನೆಯ ಬಾಯಿ ಹೊಲಿದ ಮೇಲೆ ಆಕೆ ಸೂಜಿಯನ್ನು ಬದಿಗಿಟ್ಟು, ಕಣ್ಣು ಮುಚ್ಚಿ, ಅಂಗೈಯನ್ನು ಕಾಲಿನ ಕಡೆಯಿಂದ ತಲೆಯ ಕಡೆಗೆ ಮೆಲ್ಲಗೆ ಎಳೆಯುತ್ತಿದ್ದಳು. ಒಂದು ಸಲ, ಪಕ್ಕದಲ್ಲಿ ಇನ್ನೊಂದು ಸಲ. ಅಂಗೈ ಹುಡುಕುತ್ತಿದ್ದದ್ದು ಗಂಟನ್ನಲ್ಲ, ಟೊಳ್ಳನ್ನು. ಗಂಟಿದ್ದರೆ ಬೆರಳಲ್ಲಿ ಬಿಡಿಸಬಹುದು. ಟೊಳ್ಳು ಹಾಗಲ್ಲ. ಸುತ್ತಲಿನ ಹತ್ತಿಯೆಲ್ಲ ಅಲ್ಲಿಗೇ ಜಾರಿ ಜಾರಿ ಒಂದು ದಿನ ಇಡೀ ಹಾಸಿಗೆ ಕುಸಿಯುತ್ತದೆ. ಹೀಗೆ ವರ್ಷಗಟ್ಟಲೆ ನೋಡಿ ನೋಡಿ, ಎಲ್ಲಿಯೇ ಆಗಲಿ ಖಾಲಿ ಸಂದಿ ಕಂಡರೆ ಆಕೆಗೆ ಸಮಾಧಾನವಿರುತ್ತಿರಲಿಲ್ಲ. ಕಿಟಕಿಯ ಸಂದಿಗೆ ಹತ್ತಿ. ಅಲುಗಾಡುವ ಮೇಜಿನ ಕಾಲಿಗೆ ಹತ್ತಿ. ಬಾಗಿಲು ಬಡಿದುಕೊಳ್ಳುವಲ್ಲಿ ಹತ್ತಿ. "ನಾನು ಬಾಯಿ ತೆರೆದು ಮಲಗೋಕೂ ಹೆದರ್ತೀನಿ," ಎನ್ನುತ್ತಿದ್ದ ಗಂಡ.

ಅವರಿಗೆ ಒಬ್ಬಳೇ ಮಗಳು. ಕೂಸಾಗಿದ್ದಾಗ ಹಿಂಜಿದ ಹತ್ತಿಯ ರಾಶಿಯಲ್ಲಿ ಗೂಡು ಮಾಡಿಕೊಂಡು ಮಲಗಿರುತ್ತಿದ್ದದ್ದರಿಂದ ಗುಬ್ಬಿ ಎಂಬ ಹೆಸರು ಬಿತ್ತು, ಶಾಲೆಯ ಹೆಸರು ಶಾಲೆಯಲ್ಲೇ ಉಳಿಯಿತು. ಗುಬ್ಬಿಗೆ ನಿದ್ದೆ ಬರಬೇಕಾದರೆ ಅಮ್ಮನ ಅಂಗೈ ಸೊಂಟದಿಂದ ಕುತ್ತಿಗೆಯವರೆಗೆ ಬೆನ್ನ ಮೇಲೆ ಮೆಲ್ಲಗೆ ಹರಿಯಬೇಕಿತ್ತು, ಹಾಸಿಗೆ ನೋಡುವಾಗ ಹರಿಯುವ ಹಾಗೆಯೇ. ದೊಡ್ಡವಳಾಗಿ, ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಅಮ್ಮನ ಜೊತೆ ದಿನಕ್ಕೊಂದು ಜಗಳ ಕಾಯುವಷ್ಟಾದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಮಾತು ಬಿಟ್ಟ ದಿನಗಳಲ್ಲಿ ಬಂದು ಬೋರಲು ಮಲಗಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ, "ಕೈ ಹಾಕು," ಎನ್ನುತ್ತಿದ್ದಳು. ಅಷ್ಟೇ. ರಾಜಿಯಾಗಲು ಅವರ ಮನೆಯಲ್ಲಿ ಬೇರೆ ಮಾತಿರಲಿಲ್ಲ.

ಗುಬ್ಬಿಗೆ ಬಂದ ಕಾಯಿಲೆ ರಕ್ತದ್ದು. ದೊಡ್ಡ ಊರಿನ ಆಸ್ಪತ್ರೆಯಲ್ಲಿ ಆಕೆ ಮಗಳ ಮಂಚದ ಪಕ್ಕ ಚಾಪೆ ಹಾಸಿಕೊಂಡು ಮಲಗಿದಳು. ಊರಿಗೆಲ್ಲ ಹಾಸಿಗೆ ಹೊಲಿದವಳು ನೆಲದ ಮೇಲೆ ಮಲಗಿದ್ದು ಆಗಲೇ. ಬೇಸಿಗೆ ಕಳೆಯಿತು, ಚಳಿ ಬಂತು. ಕೊನೆಗೆ ಒಂದು ದಿನ ಡಾಕ್ಟರು ಗಂಡಹೆಂಡತಿಯನ್ನು ಹೊರಗೆ ಕರೆದು, "ಇನ್ನು ಮನೆಯಲ್ಲೇ ಇರಲಿ. ಕೆಲವು ವಾರ ನಿಮ್ಮ ಜೊತೆ ಆರಾಮಾಗಿರಲಿ," ಎಂದರು. ಡಾಕ್ಟರು ಹೇಳಿದ್ದು ಇಬ್ಬರಿಗೂ ಅರ್ಥವಾಯಿತು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಗುಬ್ಬಿಗೆ ಯಾರೂ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. "ಅಮ್ಮಾ, ಈ ಹಾಸಿಗೆ ಚುಚ್ಚುತ್ತೆ," ಎಂದಳು. "ನೀನು ಇವತ್ತೇ ಊರಿಗೆ ಹೋಗಿ ನನಗೊಂದು ಹೊಸದು ಹೊಲಿ. ಅಪ್ಪ ನಾಳೆ ಕರಕೊಂಡು ಬರ್ಲಿ. ನಾನು ಬರೋ ಹೊತ್ತಿಗೆ ರೆಡಿ ಇರ್ಬೇಕು. ಗಿರಾಕಿಗೆ ಹೇಳೋ ಹಾಗೆ ನಾಳೆ ಬಾ, ನಾಡಿದ್ದು ಬಾ ಅಂದ್ರೆ ಕೇಳಲ್ಲ."

"ನಿನ್ನಂಥ ಗಿರಾಕಿ ಸಿಕ್ಕಿದ್ರೆ ಅಂಗಡಿ ಮುಚ್ಚಬೇಕು," ಎಂದು ಬೈದು ಆಕೆ ಬಸ್ಸು ಹತ್ತಿದಳು. ಬಸ್ಸು ಅರ್ಧ ದಾರಿ ಬರುವವರೆಗೂ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕೂತಿದ್ದಳು.

ಮಗಳನ್ನು ನರ್ಸಿಗೆ ಒಪ್ಪಿಸಿ, ವ್ಯಾನು ತರಲೆಂದು ಗಂಡನೂ ರಾತ್ರಿಯ ಬಸ್ಸಿಗೆ ಬಂದ. ಮರುದಿನ ಬೆಳಕು ಹರಿಯುವ ಮೊದಲೇ ಆಕೆ ವ್ಯಾನನ್ನು ಅಣಿಗೊಳಿಸಿದಳು. ಹಿಂದಿನ ಸೀಟು ತೆಗೆಸಿ ಮನೆಯ ಅತಿ ಮೆತ್ತನೆಯ ಹಾಸಿಗೆ ಹಾಸಿದಳು. ಬಾಗಿಲು ಗಡಗಡ ಎನ್ನಬಾರದೆಂದು ಅದರ ಅಂಚಿಗೆಲ್ಲ ಹತ್ತಿ ತುಂಬಿದಳು. ಒಳಗೆ ಕೂತು ನೋಡಿದಳು. ಮುಂದಿನಿಂದ ಎಲ್ಲಿಂದಲೋ ತಣ್ಣನೆ ಗಾಳಿ ಕಾಲಿಗೆ ತಾಗುತ್ತಿತ್ತು. ಆಸ್ಪತ್ರೆಯಲ್ಲಿ ಗುಬ್ಬಿಯ ಪಾದ ಯಾವಾಗಲೂ ಐಸಿನಂತಿರುತ್ತಿದ್ದದ್ದು ನೆನಪಾಯಿತು. ಕೆಳಗಿಳಿದು ಸಂದಿ ಹುಡುಕುತ್ತ ವ್ಯಾನಿನ ಮೂತಿಯವರೆಗೆ ಹೋದಳು. ಅಲ್ಲಿ ಜಾಲರಿ, ಜಾಲರಿಯ ಹಿಂದೆ ಖಾಲಿ ಜಾಗ, ತೂತು ತೂತು. ಗಾಳಿಯೆಲ್ಲ ನುಗ್ಗುತ್ತಿದ್ದದ್ದು ಅಲ್ಲಿಂದಲೇ. ಹೊಲಿದು ಉಳಿದ ಹತ್ತಿಯ ಪದರಗಳನ್ನು ಮಡಿಸಿ ಮಡಿಸಿ, ಬೆರಳಿನಿಂದ ಒತ್ತಿ, ಎಲ್ಲೂ ಟೊಳ್ಳು ಉಳಿಯದ ಹಾಗೆ ತುಂಬಿದಳು. ಎಂಜಿನ್ನಿನ ನೀರು ತಣ್ಣಗಾಗುವುದು ಆ ಗಾಳಿಯಿಂದಲೇ ಎಂಬುದು ಆಕೆಗೆ ಗೊತ್ತಿರಲಿಲ್ಲ. ಗಾಳಿ ಬಂದಲ್ಲಿ ಹತ್ತಿ ಇಡುವುದಷ್ಟೇ ಗೊತ್ತಿತ್ತು.

ಚಹಾ ಕುಡಿಯುತ್ತ ಬಂದ ಗಂಡ ಬಾಗಿಲ ಅಂಚನ್ನು ಮುಟ್ಟಿ ನೋಡಿದ. "ವ್ಯಾನಿಗೇ ಹಾಸಿಗೆ ಹೊಲಿದುಬಿಟ್ಯಲ್ಲೇ," ಎಂದ. ಮುಂದಿನ ಕಡೆ ಅವನು ನೋಡಲಿಲ್ಲ.

ಹೋಗುವಾಗ ಮಂಜು, ಚಳಿ, ಇಳಿಜಾರಿನ ದಾರಿ. ವ್ಯಾನು ತಕರಾರಿಲ್ಲದೆ ಓಡಿತು. ವಾಪಸು ಹೊರಟಾಗ ಬಿಸಿಲೇರಿತ್ತು. ಮಗಳಿಗೆ ಕುಲುಕಬಾರದೆಂದು ಅವನು ಎರಡನೇ ಗೇರಿನಲ್ಲೇ ಏರು ಹತ್ತಿಸುತ್ತಿದ್ದ.

"ಅಪ್ಪಾ, ಇದು ವ್ಯಾನೋ ಪಲ್ಲಂಗವೋ?" ಹಿಂದಿನಿಂದ ಗುಬ್ಬಿಯ ದನಿ.

"ನಿಮ್ಮಮ್ಮನ ಕೆಲಸ. ಒಂದು ಸಂದಿ ಬಿಟ್ಟಿಲ್ಲ ಮಾರಾಯ್ತಿ. ನಾನು ಕ್ಲಚ್ ಒತ್ತೋಕೂ ಜಾಗ ಹುಡುಕಬೇಕು."

"ನಿನ್ನ ಕಿವೀಲಿ ಇಟ್ಟಿಲ್ವಾ?"

"ಏನಂದೆ? ಕೇಳಿಸ್ಲಿಲ್ಲ."

ಅವಳು ನಕ್ಕಳು. ನಕ್ಕಿದ್ದಕ್ಕೆ ಬಹಳ ಹೊತ್ತು ಏದುಸಿರು ಬಿಟ್ಟಳು. ಆಮೇಲೆ ಸ್ವಲ್ಪ ಹೊತ್ತಿಗೇ ಮುಂದುಗಡೆಯಿಂದ ಬುಸ್ಸೆಂದು ಹಬೆ ಎದ್ದು ಗಾಜು ಮುಚ್ಚಿತು. ವ್ಯಾನು ಏರಿನ ನಡುವೆ ನಿಂತಿತು.

ಮರವಿಲ್ಲದ ದಾರಿ. ಅವನು ರಸ್ತೆಗಿಳಿದು ಕೈ ಎತ್ತಿದ. ಮೊದಲು ಬಂದ ಹಾಲಿನ ಟೆಂಪೋ ನಿಂತಿತು. ಟೆಂಪೋದವನು ಇಳಿದು, "ಏನ್ ಸ್ವಾಮಿ, ಸ್ನಾನಕ್ಕೆ ನೀರು ಕಾಯಿಸ್ತಿದ್ದೀರಾ?" ಎಂದು ತಮಾಷೆ ಶುರು ಮಾಡಿದವನು ಒಳಗೆ ಮಲಗಿದವಳನ್ನು ನೋಡಿ ಮಾತು ನುಂಗಿದ. ಹಗ್ಗ ತಂದು ವ್ಯಾನಿನ ಮುಂದೆ ಕಟ್ಟಿದ. ಏರಿನ ಮೇಲಿದ್ದ ಗ್ಯಾರೇಜಿನವರೆಗೆ ಎಷ್ಟು ನಿಧಾನವಾಗಿ ಎಳೆದನೆಂದರೆ, ಹಿಂದಿನ ವಾಹನಗಳೆಲ್ಲ ಹಾರನ್ ಹೊಡೆದು ಹೊಡೆದು ಸುಸ್ತಾದವು. ಅವನು ಕಿಟಕಿಯಿಂದ ಕೈ ಹೊರಗೆ ಚಾಚಿ, ಯಾರನ್ನೂ ಬೈಯದೆ, ಮುಂದೆ ಹೋಗಿ ಮುಂದೆ ಹೋಗಿ ಎಂದು ಬೀಸುತ್ತಲೇ ಇದ್ದ.

ತಗಡಿನ ಗ್ಯಾರೇಜು. ಪಕ್ಕದಲ್ಲಿ ವಾಹನ ತೊಳೆಯುವ ಕಟ್ಟೆ. ಮೆಕ್ಯಾನಿಕ್ ಗಾಡಿ ರಿಪೇರಿ ಮಾಡುತ್ತಿದ್ದ, ಅವನ ಹೆಂಡತಿ ಗಾಡಿ ತೊಳೆಯುತ್ತಿದ್ದಳು. ಅವಳು ಪೈಪು ಕೆಳಗಿಟ್ಟು ಬಂದು ವ್ಯಾನಿನೊಳಗೆ ಬಗ್ಗಿ ನೋಡಿದಳು.

"ಅಯ್ಯೋ, ಈ ತಗಡಿನ ಕೆಳಗೆ ಬೆಂದುಹೋಗ್ತಾಳೆ. ನಮ್ಮ ಕೋಣೆಗೆ ತನ್ನಿ. ಮಗೂನ ಎತ್ತಬೇಡಿ, ಹಾಸಿಗೆ ಸಮೇತ ತನ್ನಿ."

ನಾಲ್ವರೂ ಹಾಸಿಗೆಯ ಒಂದೊಂದು ಮೂಲೆ ಹಿಡಿದರು. ಗ್ಯಾರೇಜಿನ ಹಿಂದಿನ ಆ ಕೋಣೆಯಲ್ಲಿ ಒಂದು ಮಂಚ, ಒಂದು ಸ್ಟವ್, ಬೋಲ್ಟು ತುಂಬಿದ ಗಾಜಿನ ಬಾಟಲಿಗಳು, ಸೋಪಿನ ವಾಸನೆ. ಅವಳು ತನ್ನ ಹಾಸಿಗೆಯನ್ನು ಮುದುರಿ ಹೊರಗೆಸೆದು ಮಂಚ ಖಾಲಿ ಮಾಡಿಕೊಟ್ಟಳು.

ಟೆಂಪೋದವನು, "ನನ್ನ ಗಾಡೀಲೇ ಊರಿಗೆ ಬಿಡ್ತೀನಿ," ಎಂದ. ಗುಬ್ಬಿ ಕಣ್ಣು ತೆರೆಯದೆ, "ಅಪ್ಪಾ, ಸ್ವಲ್ಪ ಹೊತ್ತು ಇಲ್ಲೇ ಮಲಗ್ತೀನಿ. ಕುಲುಕಬೇಡಿ," ಎಂದಳು. ಅವಳ ಉಸಿರಿನ ದನಿ ಬದಲಾದದ್ದು ಮೆಕ್ಯಾನಿಕ್‌ನ ಹೆಂಡತಿಗೆ ಕೇಳಿಸಿತು. ಅವಳು ಟೆಂಪೋದವನ ಕಡೆ ಕಣ್ಸನ್ನೆ ಮಾಡಿ ಹೊರಗೆ ಬಂದು, "ಓಡಣ್ಣ, ಡಾಕ್ಟರನ್ನ ಕರಕೊಂಡು ಬಾ," ಎಂದಳು. ಹಾಲಿನ ಕ್ಯಾನುಗಳನ್ನು ರಸ್ತೆ ಬದಿಗಿಳಿಸಿ ಅವನು ಹೋದ.

ಅಪ್ಪ ಮನೆಗೆ ಫೋನು ಮಾಡಿದ. "ಸ್ವಲ್ಪ ತಡ ಆಗುತ್ತೆ ಕಣೇ. ವ್ಯಾನಿಂದು ಏನೋ ಪೈಪ್ ಒಡೆದಿದೆ."

"ಒಳ್ಳೇದೇ ಆಯ್ತು ಬಿಡಿ," ಎಂದಳು ಹಾಸಿಗೆ ಅಕ್ಕ. "ಒಂದು ಕಡೆ ಬಾಯಿ ಹೊಲಿಯೋದು ಬಾಕಿ ಇದೆ. ಬಂದ ಕೂಡ್ಲೇ ಮಲಗಿಸಬಹುದು."

ಅತ್ತ ಮೆಕ್ಯಾನಿಕ್ ಜಾಲರಿ ಬಿಚ್ಚಿದ್ದ. ಒಳಗಿನಿಂದ ಹತ್ತಿ ಎಳೆದ. ಬಿಸಿಯಾಗಿತ್ತು, ಒದ್ದೆಯಾಗಿತ್ತು. ಎಳೆದಷ್ಟೂ ಬಂತು. ಅವನಿಗೆ ನಗು ತಡೆಯಲಾಗಲಿಲ್ಲ. "ಯಾವ ಪುಣ್ಯಾತ್ಮ ಸ್ವಾಮಿ ಇಲ್ಲಿ ಹತ್ತಿ ತುರುಕಿದ್ದು? ಗಾಡಿಗೆ ಉಸಿರಾಡೋಕೇ ಬಿಟ್ಟಿಲ್ಲವಲ್ಲ! ನೀರು ಕುದಿಯದೆ ಇನ್ನೇನಾಗುತ್ತೆ?"

ಅಪ್ಪನ ಮುಖ ನೋಡಿದ ಮೇಲೆ ನಗು ನಿಂತಿತು.

"ನನ್ನ ಹೆಂಡತಿ," ಎಂದ ಅಪ್ಪ. "ಮಗಳ ಕಾಲಿಗೆ ಗಾಳಿ ತಾಗಬಾರದು ಅಂತ."

ಇಬ್ಬರೂ ಆ ಕಪ್ಪುಹಿಡಿದ ಹತ್ತಿಯ ನಡುವೆ ನಿಂತರು. ಮೆಕ್ಯಾನಿಕ್ ಮೊಣಕಾಲೂರಿ ಅದನ್ನೆಲ್ಲ ಬಾಚಿ, ಹಳೆಯ ಟೈರುಗಳ ಹಿಂದೆ ಹಾಕಿದ. ಕೈ ಒರೆಸಿಕೊಂಡು ಬಂದ. "ನೋಡಿ ಯಜಮಾನ್ರೇ, ಪೈಪು ಹಳೇದು. ಇವತ್ತಲ್ಲ ನಾಳೆ ಒಡೀತಿತ್ತು. ನಾನು ನೋಡಿದ್ದು ಇಷ್ಟೇ," ಎಂದ.

ಆಗ ಒಳಗಿನಿಂದ, "ಅಮ್ಮಾ," ಎಂಬ ದನಿ ಬಂತು.

ಅಪ್ಪ ಬಾಗಿಲಿಗೆ ಓಡಿದ. ಗುಬ್ಬಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮೆಕ್ಯಾನಿಕ್‌ನ ಹೆಂಡತಿ ಸ್ಟೂಲಿನ ಮೇಲೆ ಒದ್ದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಅಮ್ಮಾ. ಬಂದ್ಯಾ?"

ಆ ಹೆಂಗಸು ಬಾಗಿಲ ಕಡೆ ನೋಡಿದಳು, ಗುಬ್ಬಿಯ ಕಡೆ ನೋಡಿದಳು. "ಹ್ಞೂಂ," ಎಂದಳು.

"ಕೈ ಹಾಕು."

ಅವಳಿಗೆ ಅರ್ಥವಾಗಲಿಲ್ಲ. ಅಪ್ಪ ಸದ್ದಿಲ್ಲದೆ ಹತ್ತಿರ ಬಂದ. ತಾನೇ ಸವರಬಹುದಿತ್ತು. ಆದರೆ ಅಪ್ಪನ ಕೈ ಮಗಳಿಗೆ ಗೊತ್ತು. ಮುಟ್ಟಿದರೆ ಅಮ್ಮ ಹೊರಟುಹೋಗುತ್ತಾಳೆ. ಮಗಳ ಬೆನ್ನಿಗೆ ತಾಗದ ಹಾಗೆ, ಗಾಳಿಯಲ್ಲೇ, ಅಂಗೈಯನ್ನು ಸೊಂಟದಿಂದ ಕುತ್ತಿಗೆಯವರೆಗೆ ಮೆಲ್ಲಗೆ ಎಳೆದು ತೋರಿಸಿದ. ಹೆಂಗಸು ಕೈಗಳನ್ನು ಸೀರೆಗೆ ಒರೆಸಿದಳು, ಒಂದಕ್ಕೊಂದು ಉಜ್ಜಿದಳು, ಬಾಯಿಯ ಹತ್ತಿರ ಹಿಡಿದು ಊದಿದಳು. ಆಮೇಲೆ ಬೆನ್ನ ಮೇಲಿಟ್ಟಳು.

"ಕೈ ಯಾಕಮ್ಮ ತಣ್ಣಗಿದೆ?"

"ನೀರು ಮುಟ್ಟಿದ್ದೆ ಕಂದಾ."

"ಹೂಂ," ಎಂದಳು ಗುಬ್ಬಿ. ಮತ್ತೆ ಮಾತಾಡಲಿಲ್ಲ. ಕೈ ಹರಿಯುತ್ತಿತ್ತು, ಉಸಿರು ಅದರ ಜೊತೆಗೇ ಏರಿಳಿಯುತ್ತಿತ್ತು. ಒಂದು ಸಲ ಕೈ ಕುತ್ತಿಗೆಯವರೆಗೆ ಹೋಗಿ ಮತ್ತೆ ಸೊಂಟಕ್ಕೆ ಬಂದಾಗ ಉಸಿರು ಜೊತೆಗೆ ಬರಲಿಲ್ಲ. ಹೆಂಗಸಿಗೆ ಗೊತ್ತಾಯಿತು. ಆದರೂ ಕೈ ನಿಲ್ಲಿಸಲಿಲ್ಲ. ಡಾಕ್ಟರು ಬಂದು ಅವಳ ಮಣಿಕಟ್ಟು ಹಿಡಿದು ನಿಲ್ಲಿಸಬೇಕಾಯಿತು.

ಸ್ಟಿಯರಿಂಗ್ ಹಿಡಿಯಲು ಅಪ್ಪನಿಗೆ ಆಗಲಿಲ್ಲ. ಮೆಕ್ಯಾನಿಕ್‌ನೇ ಪೈಪು ಬದಲಿಸಿ, ವ್ಯಾನನ್ನು ಅವರ ಊರಿನವರೆಗೆ ಓಡಿಸಿಕೊಂಡು ಬಂದ. ಅಂಗಡಿಯ ಮುಂದೆ ನಿಲ್ಲಿಸಿ, ಕೀಲಿಯನ್ನು ಅಲ್ಲೇ ಬಿಟ್ಟು, ಜನ ಸೇರುವ ಮೊದಲೇ ಬಸ್ಸು ನಿಲ್ದಾಣದ ದಾರಿ ಕೇಳಿಕೊಂಡು ನಡೆದುಬಿಟ್ಟ. ಹಾಸಿಗೆ ಅಕ್ಕ ಅವನನ್ನು ನೋಡಲಿಲ್ಲ. ಆಕೆ ಆಗ ಹೊಸ ಹಾಸಿಗೆಯ ಮೇಲೆ ಬಿಳಿ ಹೊದಿಕೆ ಹಾಸಿ, ಅದರ ಸುಕ್ಕು ತೆಗೆಯುತ್ತಿದ್ದಳು.

ಎಲ್ಲ ಮುಗಿಯಿತು. ಬಂದವರು ಬಂದರು, ಹೋದರು. ಯಂತ್ರ ಮತ್ತೆ ಓಡಿತು. ಆ ಹಾಸಿಗೆ ಸುರುಳಿ ಸುತ್ತಿ ಅಂಗಡಿಯ ಮೂಲೆಯಲ್ಲಿ ನಿಂತಿತು. ಗಿರಾಕಿಯೊಬ್ಬ ಹೆಬ್ಬೆರಳಿಂದ ಒತ್ತಿ, "ಇದು ಚೆನ್ನಾಗಿದೆಯಲ್ಲ, ಇದನ್ನೇ ಕೊಡಿ," ಎಂದಾಗ ಆಕೆ ಸೂಜಿಯಿಂದ ಕಣ್ಣೆತ್ತದೆ, "ಅದು ಕೊಟ್ಟಾಗಿದೆ," ಎಂದಳು.

ಗಂಡನನ್ನು ಕೇಳುತ್ತಲೇ ಇದ್ದಳು. ಊಟಕ್ಕೆ ಕೂತಾಗ, ನೂಲು ಸುತ್ತುವಾಗ, ಮೆಟ್ಟಿಲು ಹತ್ತುವಾಗ.

"ಕೊನೆಗೆ ಏನಂದ್ಲು?"

"ಏನೂ ಇಲ್ಲ. ನಿದ್ದೆ ಬಂದ ಹಾಗೆ."

"ನನ್ನ ಕೇಳ್ಲಿಲ್ವಾ?"

"ಕೇಳಿದ್ಲು."

"ಏನಂತ?"

ಅವನು ಎದ್ದು ಯಂತ್ರದ ಕಡೆ ಹೋಗಿಬಿಡುತ್ತಿದ್ದ. ಅದರ ಸದ್ದಿನಲ್ಲಿ ಮಾತು ಕೇಳಿಸುತ್ತಿರಲಿಲ್ಲ, ಅವನಿಗೆ ಬೇಕಾದದ್ದೂ ಅದೇ.

ಒಂದು ಬೆಳಿಗ್ಗೆ ಆಕೆ ವ್ಯಾನಿನ ಹತ್ತಿಯನ್ನೆಲ್ಲ ಬಿಚ್ಚತೊಡಗಿದಳು. ಬಾಗಿಲ ಅಂಚಿನದು ಇಟ್ಟ ಹಾಗೆಯೇ ಇತ್ತು. ಮೂತಿಯ ಕಡೆ ಹೋಗಿ ಜಾಲರಿಯೊಳಗೆ ಬೆರಳು ಹಾಕಿದಳು. ಖಾಲಿ. ಒಂದು ಎಳೆಯೂ ಇರಲಿಲ್ಲ. ಒಳಗೆ ಹೊಸ ಪೈಪು ಕರ್ರಗೆ ಹೊಳೆಯುತ್ತಿತ್ತು.

"ರೀ, ಇಲ್ಲಿ ಮುಂದೆ ಇಟ್ಟಿದ್ದ ಹತ್ತಿ ಎಲ್ಲಿ?"

"ಯಾವ ಹತ್ತಿ?" ಎಂದ ಅವನು, ಕೇಳಿ ಮುಗಿಸುವ ಮೊದಲೇ.

ಆಕೆ ಬಹಳ ಹೊತ್ತು ಅವನನ್ನು ನೋಡಿದಳು. ಮದುವೆಯಾದಂದಿನಿಂದ ಅವನಿಗೆ ಸುಳ್ಳು ಹೇಳಲು ಬಂದಿರಲಿಲ್ಲ. ಗಿರಾಕಿಗಳ ಜೊತೆ ಮಾತು ಆಕೆಯ ಪಾಲಿಗೆ ಬಂದದ್ದೂ ಅದಕ್ಕೇ.

"ನನ್ನ ಅಲ್ಲಿಗೆ ಕರಕೊಂಡು ಹೋಗಿ," ಎಂದಳು. "ಆ ಜನರನ್ನ ನೋಡ್ಬೇಕು. ನೀವು ಹೇಳಲ್ಲ. ಅವರಾದ್ರೂ ಹೇಳ್ತಾರೆ."

"ಏನು ಮಾಡ್ತೀಯ ಅಲ್ಲಿಗೆ ಬಂದು?"

"ನನ್ನ ಮಗಳ ಕೊನೆ ಹೊತ್ತು ಅವರ ಹತ್ರ ಇದೆ. ಅದು ನನಗೆ ಬೇಕು."

ಹೋದರು. ಗ್ಯಾರೇಜಿನ ಮುಂದೆ ವ್ಯಾನು ನಿಂತಾಗ ಮೆಕ್ಯಾನಿಕ್ ಗುರುತು ಹಿಡಿದು, ಬನಿಯನ್ನಿನ ಮೇಲೆ ಅಂಗಿ ಹಾಕಿಕೊಂಡು ಬಂದ. ಸ್ಟೂಲು ಒರೆಸಿ ಕೊಟ್ಟ. ಹಾಸಿಗೆ ಅಕ್ಕ ಕೂರಲಿಲ್ಲ.

"ವ್ಯಾನಿಗೆ ಏನಾಗಿತ್ತಪ್ಪ?"

"ಪೈಪ್ ಒಡೆದಿತ್ತು ಅಕ್ಕಾ."

"ಯಾಕೆ ಒಡೀತು?"

"ಹಳೇದು. ರಬ್ಬರು ಒಳಗಿಂದಾನೇ ಕೊಳೆತುಹೋಗಿರುತ್ತೆ, ಹೊರಗೆ ಗೊತ್ತಾಗಲ್ಲ. ಈ ಏರಿನಲ್ಲಿ ವಾರಕ್ಕೊಂದು ಗಾಡಿ ಹೀಗೆ ನಿಲ್ಲುತ್ತೆ. ಹೊಸ ಗಾಡಿಗಳೂ ನಿಲ್ತವೆ. ನಿಮ್ಮ ಯಜಮಾನ್ರು ಬಹಳ ಹುಷಾರಾಗಿ ಓಡಿಸಿದ್ದಾರೆ. ಬೇರೆಯವರಾಗಿದ್ರೆ ಇನ್ನೂ ಕೆಳಗೇ ಒಡೀತಿತ್ತು."

"ಮುಂದೆ ನಾನು ಹತ್ತಿ ಇಟ್ಟಿದ್ದೆ."

"ಹ್ಞಾ, ಇತ್ತು, ಸ್ವಲ್ಪ ಇತ್ತು. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ ಅಕ್ಕಾ. ಕೈ ಹಾಕೋಕೆ ಅಡ್ಡ ಅಂತ ತೆಗೆದೆ, ಅಷ್ಟೇ." ಅವನು ಒಮ್ಮೆಯೂ ತಡವರಿಸಲಿಲ್ಲ. ಆಕೆಯ ಕಣ್ಣನ್ನೇ ನೋಡುತ್ತ ಹೇಳಿದ. ಆಕೆಯ ಗಂಡ ಮಾತ್ರ ಹಿಂದೆ ನಿಂತು ನೆಲ ನೋಡುತ್ತಿದ್ದ.

 ಮೆಕ್ಯಾನಿಕ್‌ನ ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ಬಂದವರು ಯಾರೆಂದು ಅವಳಿಗೆ ಯಾರೂ ಹೇಳಬೇಕಾಗಲಿಲ್ಲ. ಆಕೆಯನ್ನು ಕೋಣೆಗೆ ಕರೆದೊಯ್ದು, ಮಂಚ ತೋರಿಸಿ, "ಇಲ್ಲೇ ಅಕ್ಕಾ," ಎಂದಳು. ಹಾಸಿಗೆ ಅಕ್ಕ ಮಂಚದ ಅಂಚನ್ನು ಹಿಡಿದು ಕೂತಳು.

"ಏನಂದ್ಲು?"

ಆ ಹೆಂಗಸು ನಿಂತೇ ಇದ್ದಳು. ಗಂಡನಷ್ಟು ಸಲೀಸಾಗಿ ಮಾತು ಅವಳಿಗೆ ಬರುತ್ತಿರಲಿಲ್ಲ. "ಅಮ್ಮಾ ಬಂದ್ಯಾ ಅಂತ ಕೇಳಿದ್ಲು ಅಕ್ಕಾ."

"ಆಮೇಲೆ?"

"ನಾನು ಹ್ಞೂಂ ಅಂದೆ."

ಹೊರಗೆ ನಲ್ಲಿಯ ನೀರು ಬಕೆಟ್ಟಿಗೆ ಬೀಳುತ್ತಿತ್ತು.

"ನೀನು ಹ್ಞೂಂ ಅಂದೆ."

"ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಕೈ ಹಾಕು ಅಂದ್ಲು. ನನಗೆ ಗೊತ್ತಾಗ್ಲಿಲ್ಲ. ಅಣ್ಣ ತೋರಿಸಿದ್ರು. ಹಾಕಿದೆ. ಕೈ ಯಾಕಮ್ಮ ತಣ್ಣಗಿದೆ ಅಂದ್ಲು. ನನ್ನ ಕೈ ಯಾವಾಗ್ಲೂ ಹೀಗೇ, ಇಡೀ ದಿನ ನೀರಲ್ಲಿರುತ್ತೆ. ನೀರು ಮುಟ್ಟಿದ್ದೆ ಕಂದಾ ಅಂದೆ."

"ನನ್ನ ಮಗಳಿಗೆ ನೀನು ಕಂದಾ ಅಂದೆಯಾ?" ಹಾಸಿಗೆ ಅಕ್ಕನ ದನಿ ಏರಿತು. "ನಾನು ಅಲ್ಲಿ ಕೂತು ಹಾಸಿಗೆ ಹೊಲೀತಿದ್ದೆ. ಅವಳು ನನ್ನ ಕರೆದ್ಲು, ನೀನು ಓ ಅಂದೆ. ನನ್ನ ಜಾಗದಲ್ಲಿ ಕೂತೆ. ಇನ್ನು ಯಾವತ್ತೂ ಅವಳು ನನ್ನ ಕರೆಯಲ್ಲ. ಆ ಒಂದು ಕೂಗನ್ನೂ ನೀನೇ ತಗೊಂಡ್ಯಲ್ಲೇ!"

"ತಪ್ಪಾಯ್ತು ಅಕ್ಕಾ."

"ತಪ್ಪು ಅಂತ ಯಾರಂದ್ರು?" ಎಂದಳು ಹಾಸಿಗೆ ಅಕ್ಕ.  ಮಂಚದ ಮೇಲೆ ಮೆಲ್ಲಗೆ ಒರಗಿ ಗೋಡೆಯ ಕಡೆ ತಿರುಗಿದಳು. "ಹೇಗೆ ಹಾಕಿದೆ? ತೋರಿಸು."

ಆ ಹೆಂಗಸು ಸ್ಟೂಲು ಎಳೆದುಕೊಂಡು ಕೂತಳು. ಕೈ ಉಜ್ಜಿದಳು. ಊದಿದಳು. ಸೊಂಟದ ಹತ್ತಿರ ಅಂಗೈ ಇಟ್ಟು ಮೇಲಕ್ಕೆ ಎಳೆದಳು. ಸೀರೆ, ರವಿಕೆಗಳನ್ನು ದಾಟಿ ತಣ್ಣನೆಯ ಕೈ ಬೆನ್ನಿಗೆ ತಾಗಿತು. ಇಷ್ಟು ವರ್ಷ ಎಲ್ಲರ ಹಾಸಿಗೆಗಳನ್ನು ಸವರಿದವಳ ಬೆನ್ನನ್ನು ಈವರೆಗೆ ಯಾರೂ ಹೀಗೆ ಸವರಿರಲಿಲ್ಲ.

"ಇಷ್ಟು ಮೆಲ್ಲಗೇನಾ?"

"ಇಷ್ಟೇ ಮೆಲ್ಲಗೆ."

"ಸರಿಯಾಗಿದೆ," ಎಂದಳು ಗೋಡೆಗೆ. "ನಾನೂ ಹೀಗೇ ಹಾಕ್ತಿದ್ದೆ. ಅವಳಿಗೆ ಗೊತ್ತಾಗಿರಲ್ಲ. ಗೊತ್ತಾಗಿರಲ್ಲ ಅಲ್ವಾ?"

"ಇಲ್ಲ ಅಕ್ಕಾ. ಅವಳ ಪಾಲಿಗೆ ನೀವೇ ಇದ್ರಿ."

ಹೊರಡುವಾಗ ಹಾಸಿಗೆ ಅಕ್ಕ ಅವಳ ಕೈಗಳನ್ನು ಹಿಡಿದುಕೊಂಡಳು. ಬೆಚ್ಚಗಾಗುವವರೆಗೂ ಬಿಡಲಿಲ್ಲ. ಮೆಕ್ಯಾನಿಕ್‌ನ ಹತ್ತಿರ ಬಂದು, ಅವನ ತೋಳನ್ನು ಮುಟ್ಟಿ ವ್ಯಾನು ಹತ್ತಿದಳು.

"ಊರಿಗೆ ಈಗಲೇ ಬೇಡ. ಗಾಡಿ ಕೆಟ್ಟ ಕಡೆ ಹೋಗೋಣ," ಎಂದಳು. ವ್ಯಾನು ತಿರುಗಿ ಏರಿನಿಂದ ಕೆಳಕ್ಕೆ ಇಳಿಯತೊಡಗಿತು.

"ರೀ," ಎಂದಳು. "ಅವನು ಸುಳ್ಳು ಹೇಳಿದ."

ಗಂಡ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. 

"ಎಷ್ಟು ಚೆನ್ನಾಗಿ ಹೇಳ್ತಾನೆ. ಒಂದು ಕಡೇನೂ ಟೊಳ್ಳು ಬಿಡ್ಲಿಲ್ಲ." ಗಂಡನ ಕಡೆ ತಿರುಗಿ, "ನೀವು ಏನೂ ಹೇಳಬೇಡಿ. ನಾನೂ ಕೇಳಲ್ಲ. ಅವನು ಹೇಳಿದ್ದೇ ಇರ್ಲಿ. ಎಲ್ಲಿ ನಿಂತಿತ್ತು ಗಾಡಿ? ಅಲ್ಲಿ ನಿಲ್ಲಿಸಿ."

ಅವನು ನಿಲ್ಲಿಸಿದ. ಮರವಿಲ್ಲದ ಆ ದಾರಿಯಲ್ಲಿ ಆಕೆ ಇಳಿದು ರಸ್ತೆಯ ಅಂಚಿನಲ್ಲಿ ನಿಂತಳು. ಗಂಡ ವ್ಯಾನಿನಲ್ಲೇ ಕೂತಿದ್ದ. ನೋಡಲು ಅಲ್ಲಿ ಏನೂ ಇರಲಿಲ್ಲ. ಜಲ್ಲಿ, ಒಣಹುಲ್ಲು, ಬಿಸಿಲು.

ಬೈಕಿನಲ್ಲಿ ಹೋಗುತ್ತಿದ್ದ ಗಂಡಹೆಂಡತಿ ನಿಧಾನ ಮಾಡಿದರು. "ಗಾಡಿ ಕೆಟ್ಟಿದೆಯೇನಮ್ಮಾ?"

"ಇಲ್ಲಪ್ಪ, ಸರಿಯಾಗಿದೆ," ಎಂದಳು.

ಅವರು ಹೋದರು. ಒಂದು ಕಾರು ನಿಂತಿತು. ಗಾಜು ಇಳಿಯಿತು. "ಅಜ್ಜೀ, ನೀರು ಬೇಕಾ? ಎಂಜಿನ್ ಬಿಸಿಯಾಯ್ತಾ?" ಎಂದು ಒಬ್ಬ ಹುಡುಗಿ ಬಾಟಲಿ ಚಾಚಿದಳು. ಗುಬ್ಬಿಯ ವಯಸ್ಸಿನವಳು. ಹಾಸಿಗೆ ಅಕ್ಕನ ಹುಬ್ಬು ಹತ್ತಿಯಿಲ್ಲದೆಯೂ ಈಗ ನರೆತಿತ್ತು. ಅಜ್ಜಿ ಎಂದು ಮೊದಲ ಸಲ ಕರೆಸಿಕೊಂಡವಳು, "ಬೇಡಮ್ಮ, ಗಾಡಿ ಸರಿಯಾಗಿದೆ," ಎಂದಳು. ಬಾಟಲಿ ಹಿಡಿದ ಆ ಕೈಯನ್ನೇ ನೋಡುತ್ತ ನಿಂತಳು. ಕಾರು ಹೋಗಲೋ ಬೇಡವೋ ಎಂಬಂತೆ ಹೊರಟಿತು.

ಆಮೇಲೆ ಒಂದು ಲಾರಿ ನಿಂತಿತು. ಡ್ರೈವರು ಎಂಜಿನ್ ಆರಿಸಿ, ಕೈಯಲ್ಲಿ ಸ್ಪಾನರ್ ಹಿಡಿದೇ ಇಳಿದು ಬಂದ.

"ಏನಾಯ್ತು ತಾಯಿ? ಹೇಳಿ, ನೋಡೋಣ."

"ಏನೂ ಆಗಿಲ್ಲಪ್ಪ," ಎಂದಳು ಹಾಸಿಗೆ ಅಕ್ಕ. "ಗಾಡಿ ಸರಿಯಾಗಿದೆ. ಗಾಡಿಗೆ ಏನೂ ಆಗಿಲ್ಲ. ಈಗ ಚೆನ್ನಾಗಿ ಓಡುತ್ತೆ." ಎಂದವಳು ಹಾಗೆಯೇ ಜಲ್ಲಿಯ ಮೇಲೆ ಕುಸಿದು ಕೂತು, ಆ ದಿನದಿಂದ ಈವರೆಗೆ ಬಾರದಿದ್ದ ಅಳುವನ್ನು ಅತ್ತಳು.

ಲಾರಿಯವನು ಸ್ಪಾನರನ್ನು ಜೇಬಿಗೆ ಸೇರಿಸಿ, ಆಕೆಗೆ ಬೆನ್ನು ಮಾಡಿ ರಸ್ತೆಯ ಕಡೆ ಮುಖವಾಗಿ ನಿಂತ. ಮೇಲಿನಿಂದ, ಕೆಳಗಿನಿಂದ ಬರುವ ವಾಹನಗಳಿಗೆ ಕೈ ಬೀಸಿ ಬೀಸಿ, ದೂರದಿಂದ ಸುತ್ತಿ ಹೋಗಿ ಎಂದು ತೋರಿಸುತ್ತಿದ್ದ.